ಗಡಿ ದಾಟಿ ಪಾರೋಗೆ, ರಸ್ತೆಯಲ್ಲೇ

ಪ್ರಶ್ನೆ: ಅಕ್ಟೋಬರ್‌ನಲ್ಲಿ ಭೂತಾನ್‌ಗೆ ಹೋಗೋಣ ಅಂತಿದೀವಿ ಸರ್. ನಾವಿಬ್ರು, 9 ವರ್ಷದ ಮಗಳು, ನಮ್ಮತ್ತೆ. ಪಾರೋಗೆ ಫ್ಲೈಟ್ ಇದ್ಯಲ್ಲ, ರಸ್ತೆಯಲ್ಲಿ ಹೋದ್ರೆ ಒಂದು ದಿನ ದಂಡ ಅಂತ ಎಲ್ರೂ ಹೇಳ್ತಿದಾರೆ. ನನಗೋ ಘಟ್ಟ ಹತ್ತಿಕೊಂಡೇ ಹೋಗ್ಬೇಕು ಅಂತ ಆಸೆ. ಏನ್ ಮಾಡ್ಲಿ?

ಉತ್ತರ: ರಸ್ತೆಯಲ್ಲೇ ಹೋಗಿ ಮೇಡಂ, ಆ ದಿನ ದಂಡ ಆಗಲ್ಲ. ಈ ಕಡೆ ನಮ್ಮ ಪಶ್ಚಿಮ ಬಂಗಾಳದ ಜೈಗಾಂವ್, ಆ ಕಡೆ ಭೂತಾನ್‌ನ ಫುಂಟ್‌ಶೋಲಿಂಗ್, ಎರಡೂ ಒಂದಕ್ಕೊಂದು ಅಂಟಿಕೊಂಡಿರೋ ಊರು. ನಾನು ಹೋದಾಗ ಗಡಿ ದಾಟಿ ಹತ್ತು ಹೆಜ್ಜೆ ಇಟ್ಟಿದ್ದೆ ಅಷ್ಟೆ, ಹಿಂದೆ ಕಿವಿ ತುಂಬ್ತಿದ್ದ ಹಾರ್ನ್ ಸದ್ದು ನಿಂತೇಹೋಯ್ತು, ರಸ್ತೆ ದಾಟೋಕೆ ಕಾಲಿಟ್ರೆ ಕಾರು ತಾನಾಗೇ ನಿಂತ್ಕೊಂಡು ನಮಗೆ ದಾರಿ ಬಿಡ್ತು. ಅಲ್ಲಿಂದ ಹತ್ತೋಕೆ ಶುರು. ಫುಂಟ್‌ಶೋಲಿಂಗ್ ಇರೋದು ಸುಮಾರು 300 ಮೀಟರ್ ಎತ್ತರದಲ್ಲಿ, ಪಾರೋ ಸುಮಾರು 2,200, ಅಂದ್ರೆ ಬಯಲು ಸೀಮೆ ಸೆಕೆಯಿಂದ ಸ್ವೆಟರ್ ಚಳಿವರೆಗೂ ಒಂದೇ ದಿನದಲ್ಲಿ ನೋಡ್ತೀರ. ದಾರಿಯಲ್ಲಿ ಸಿಗೋ ಗೇಡು ಅನ್ನೋ ಊರಿನ ಹತ್ರ ಮಂಜು ಇಳಿದ್ರೆ ಮುಂದಿನ ಗಾಡಿಯ ಕೆಂಪು ಲೈಟು ಬಿಟ್ಟು ಬೇರೇನೂ ಕಾಣಲ್ಲ, ಮಗಳು ಕಿಟಕಿಗೆ ಮೂಗು ಒತ್ತಿಕೊಂಡೇ ಕೂತಿರ್ತಾಳೆ ನೋಡಿ. ಆಮೇಲೆ ಛುಜೋಮ್, ಪಾರೋ ನದಿ ಥಿಂಪು ನದಿ ಸೇರೋ ಜಾಗ. ಅಲ್ಲಿ ನೇಪಾಳಿ, ಟಿಬೆಟಿ, ಭೂತಾನಿ ಶೈಲಿಯ ಮೂರು ಸ್ತೂಪಗಳಿವೆ, ದಯವಿಟ್ಟು ಗಾಡಿ ನಿಲ್ಲಿಸಿ ಇಳಿದು ನೋಡಿ.

ಇನ್ನೊಂದು ವಿಷಯ ಹೇಳ್ಲೇಬೇಕು. 1958ರಲ್ಲಿ ನೆಹರೂ ಪಾರೋಗೆ ಹೋದಾಗ ಈ ರಸ್ತೆನೇ ಇರ್ಲಿಲ್ಲ, ಸಿಕ್ಕಿಂನ ನಾಥು ಲಾ ಘಟ್ಟ ದಾಟಿ ಟಿಬೆಟ್‌ನ ಚುಂಬಿ ಕಣಿವೆ ಸುತ್ತಿ, ಕುದುರೆ, ಚಮರೀಮೃಗದ (ಯಾಕ್) ಮೇಲೆ ಕೂತು ದಿನಗಟ್ಟಲೆ ಪ್ರಯಾಣ ಮಾಡಿ ತಲುಪಿದ್ರು. 1961ರಲ್ಲಿ ನಮ್ಮ ಗಡಿ ರಸ್ತೆ ಸಂಸ್ಥೆಯ ದಂತಕ್ ಯೋಜನೆ ಶುರುವಾದ್ಮೇಲೆ ಬೆಟ್ಟ ಕಡಿದು ಈ ದಾರಿ ಮಾಡಿದ್ದು. ನಾವು ಐದಾರು ಗಂಟೆಲಿ ಹೋಗ್ತೀವಿ ಅಂದ್ರೆ ಆ ಕೆಲಸಗಾರರ ಬೆವರು ಅದು, ನನಗಂತೂ ಆ ರಸ್ತೆಯಲ್ಲಿ ಹೋಗುವಾಗ ಕೈ ಮುಗೀಬೇಕು ಅನ್ಸಿತ್ತು.

ಪ್ರಶ್ನೆ: ಆಧಾರ್ ಇದ್ರೆ ಸಾಕಾ? ಖರ್ಚು?

ಉತ್ತರ: ಆಧಾರ್ ನಡೆಯಲ್ಲ. ದೊಡ್ಡವರಿಗೆ ಪಾಸ್‌ಪೋರ್ಟ್ (ಕನಿಷ್ಠ 6 ತಿಂಗಳು ಅವಧಿ ಉಳಿದಿರ್ಬೇಕು) ಇಲ್ಲಾ ವೋಟರ್ ಐಡಿ, ಮಗಳಿಗೆ ಪಾಸ್‌ಪೋರ್ಟ್ ಇಲ್ದಿದ್ರೆ ಜನನ ಪ್ರಮಾಣಪತ್ರ. ಭಾರತೀಯರಿಗೆ ಒಂದು ರಾತ್ರಿಗೆ ತಲಾ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ (ಪ್ರವಾಸಿಗರಿಂದ ಭೂತಾನ್ ಸರ್ಕಾರ ತಗೊಳ್ಳೋದು), 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ, ಅಂದ್ರೆ ನಿಮ್ಮ ನಾಲ್ವರಿಗೆ ರಾತ್ರಿಗೆ 4,200. ಜಾಸ್ತಿ ಅನ್ಸತ್ತೆ, ಒಪ್ತೀನಿ, ಅದಕ್ಕೇ ದಿನ ಕಮ್ಮಿ ಮಾಡ್ಕೊಂಡು ಪಾರೋದಲ್ಲೇ ನಿಧಾನವಾಗಿ ಇದ್ದುಬಿಡಿ.

ಪ್ರಶ್ನೆ: ನಮ್ಮತ್ತೆಗೆ ಘಟ್ಟದಲ್ಲಿ ವಾಂತಿ ಆಗತ್ತೆ.

ಉತ್ತರ: ಅವರನ್ನ ಮುಂದಿನ ಸೀಟಲ್ಲಿ ಕೂರಿಸಿ, ಹೊಟ್ಟೆ ತುಂಬಾ ತಿಂಡಿ ಬೇಡ, ಮೊಬೈಲ್ ನೋಡೋದು ಬೇಡವೇ ಬೇಡ. ನಿಮ್ಮ ಗಾಡಿ ತಗೊಂಡು ಹೋಗ್ಬೇಡಿ, ಅದಕ್ಕೆ ಬೇರೆ ಪರ್ಮಿಟ್ಟು, ಬೇರೆ ಫೀಸು, ಮೇಲಾಗಿ ಮಂಜಲ್ಲಿ ಆ ತಿರುವುಗಳು ಅಲ್ಲಿನ ಡ್ರೈವರ್‌ಗೇ ಗೊತ್ತು. ಬೆಳಗ್ಗೆ ಬೇಗ ಹೊರಡಿ. ಗಡಿ ದಾಟಿದ ತಕ್ಷಣ ವಾಚು ಅರ್ಧ ಗಂಟೆ ಮುಂದಕ್ಕೆ ಇಟ್ಕೊಳ್ಳಿ, ಅವರ ಟೈಮ್ ನಮಗಿಂತ ಅಷ್ಟು ಮುಂದಿದೆ.