ಬರೀ ಅದೃಷ್ಟ ಎನ್ನುವವರಿಗೆ

ಪತ್ರ: ಕಳೆದ ಸಂಚಿಕೆಯಲ್ಲಿ ಜಾನ್ ಬಕಿಂಗ್‌ಹ್ಯಾಮ್ ಎಂಬ ಇಂಗ್ಲಿಷ್ ಜಾಕಿಗೆ, ಅಂದರೆ ರೇಸ್ ಕುದುರೆ ಸವಾರನಿಗೆ, ಎರಡು ಪುಟ ಕೊಟ್ಟಿದ್ದೀರಿ. ಮುಂದಿದ್ದವರೆಲ್ಲ ಬಿದ್ದರು, ಹಿಂದಿದ್ದವರು ಗೆದ್ದರು, ಅಷ್ಟೇ ತಾನೆ? ಬರೆಯುವುದಾದರೆ ಲೆಸ್ಟರ್ ಪಿಗಟ್ ಅಂಥವರ ಬಗ್ಗೆ ಬರೆಯಿರಿ. — ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ: ಪಿಗಟ್ ದೊಡ್ಡವರು, ತಕರಾರಿಲ್ಲ. ಇಂಗ್ಲೆಂಡಿನ ಹೆಸರಾಂತ ಕುದುರೆ ಓಟ ಎಪ್ಸಮ್ ಡರ್ಬಿಯನ್ನು 9 ಸಲ ಗೆದ್ದವರು ಅವರೊಬ್ಬರೇ. ಮೊದಲ ಡರ್ಬಿ ಗೆದ್ದ 1954ರಲ್ಲೇ ಟ್ರಯಂಫ್ ಹರ್ಡಲ್ ಎಂಬ ಜಿಗಿತದ ಓಟವನ್ನೂ ಗೆದ್ದಿದ್ದರು. ಅವರ ಬಗ್ಗೆ ಬರೆಯುವವರಿಗೇನೂ ಬರವಿಲ್ಲ, ಬಿಡಿ.

ಇನ್ನು ನಿಮ್ಮ ‘ಅಷ್ಟೇ ತಾನೆ’ಗೆ ಬರೋಣ. 1967ರ ಏಪ್ರಿಲ್ 8, ಇಂಗ್ಲೆಂಡಿನ ಏಂಟ್ರಿ ಮೈದಾನದಲ್ಲಿ ಗ್ರಾಂಡ್ ನ್ಯಾಷನಲ್ ಎಂಬ ಬೇಲಿ ಹಾರುವ ಓಟ. 44 ಕುದುರೆ, 30 ಬೇಲಿ, ನಾಲ್ಕು ಮೈಲಿಗೂ ಹೆಚ್ಚು ಓಟ. ಫಾಯ್ನಾವನ್‌ ಎಂಬ ಕುದುರೆಯ ಮೇಲೆ ಬಾಜಿಗೆ ಒಂದಕ್ಕೆ ನೂರರ ದರ. ಅದರ ತರಬೇತುದಾರ ಜಾನ್ ಕೆಂಪ್ಟನ್ ಸ್ವತಃ ಜಾಕಿ, ಆದರೆ ಆ ಓಟಕ್ಕೆ ಕುದುರೆಗೆ ನಿಗದಿಯಾದ 10 ಸ್ಟೋನ್, ಅಂದರೆ ಸುಮಾರು 63.5 ಕಿಲೋ ತೂಕಕ್ಕೆ ಇಳಿಯಲಾರರು. ಆ ದಿನ ಅವರು ವೂಸ್ಟರ್‌ನಲ್ಲಿ ಬೇರೆ ಕುದುರೆ ಏರಿದ್ದರು. ಮಾಲೀಕರೂ ಏಂಟ್ರಿಗೆ ಬಂದಿರಲಿಲ್ಲ. ಬೇರೆಯವರು ಒಲ್ಲೆ ಎಂದ ಮೇಲೆ ಸವಾರಿ ಬಕಿಂಗ್‌ಹ್ಯಾಮ್‌ಗೆ ಬಂತು. ನ್ಯಾಷನಲ್‌ನಲ್ಲಿ ಅದು ಅವರ ಮೊದಲ ಓಟ.

ಮೊದಲ ಬೇಲಿಯಲ್ಲೇ ಸವಾರನನ್ನು ಕೆಡವಿದ್ದ ಪಾಪಮ್ ಡೌನ್ ಎಂಬ ಕುದುರೆ ಗುಂಪಿನ ಜೊತೆ ಓಡುತ್ತಲೇ ಇತ್ತು. 23ನೆಯ ಬೇಲಿಯ ಮುಂದೆ ಅದು ತಟ್ಟನೆ ಅಡ್ಡ ತಿರುಗಿತು. ನಾಲ್ಕೂವರೆ ಅಡಿಯ ಆ ಬೇಲಿ ಆ ಮೈದಾನದ ಗಿಡ್ಡ ಬೇಲಿಗಳಲ್ಲೊಂದು. ಮುಂದಿದ್ದವು ನಿಂತವು, ಹಿಂದಿನವು ಅದೇ ವೇಗದಲ್ಲಿ ಬಂದು ಗುದ್ದಿದವು. ಜಾಕಿಗಳು ಬೇಲಿಯಾಚೆ ಬಿದ್ದರು, ಕುದುರೆಗಳು ಈಚೆಯೇ ಉಳಿದವು.

ಈಗ ಸ್ವಲ್ಪ ಗಮನ ಕೊಡಿ. ನಮ್ಮ ಮೈಸೂರು, ಬೆಂಗಳೂರಿನಲ್ಲಿ ಇರುವುದು ಬೇಲಿಗಳಿಲ್ಲದ ಫ್ಲಾಟ್ ಓಟ ಮಾತ್ರ. ಅದನ್ನಷ್ಟೇ ನೋಡಿದ ಕಣ್ಣಿಗೆ ಇದರ ಕಷ್ಟ ಕಾಣಿಸುವುದಿಲ್ಲ. ಓಟದ ವೇಗವೇ ಕುದುರೆಯನ್ನು ಬೇಲಿ ದಾಟಿಸುತ್ತದೆ. ವೇಗ ಹೋಯಿತೆಂದರೆ ಸವಾರ ಹೆಜ್ಜೆ ಕಿರಿದು ಮಾಡಿಸಿ, ಎರಡೂ ಕಾಲಿನಿಂದ ಅದುಮಿ, ತಲೆ ನೇರ ಹಿಡಿದು ಹಾರಿಸಬೇಕು. ಜೊತೆಯ ಕುದುರೆಗಳು ನಿಂತದ್ದನ್ನು ಕಂಡರೆ ಯಾವ ಕುದುರೆಯಾದರೂ ನಿಲ್ಲಲು ನೋಡುತ್ತದೆ. ಹಾರಿದ ಮೇಲೆ ಲಗಾಮನ್ನು ಬೆರಳ ಸಂದಿಯಲ್ಲಿ ಜಾರಲು ಬಿಡಬೇಕು. ಬಿಗಿ ಹಿಡಿದಿರೋ, ಇಳಿಯುವಾಗ ಕುದುರೆ ಕತ್ತು ಚಾಚಲಾರದೆ ಮುಗ್ಗರಿಸುತ್ತದೆ, ಇಲ್ಲವೇ ನೀವೇ ಅದರ ಕಿವಿ ದಾಟಿ ಹೋಗುತ್ತೀರಿ. ಫ್ಲಾಟ್ ಜಾಕಿಯಷ್ಟು ಗಿಡ್ಡ ರಿಕಾಪಿನಲ್ಲಿ ಈ ಕೆಲಸ ಆಗದು. ಬಕಿಂಗ್‌ಹ್ಯಾಮ್ ಗಲಾಟೆಯನ್ನು ದೂರದಿಂದಲೇ ಗುರುತಿಸಿ, ಹೊರಬದಿಗೆ ಸರಿದು, ಸಂದು ಹುಡುಕಿ, ನಿಧಾನದ ಓಟದಲ್ಲೇ ದಾಟಿಸಿದರು. ಉಳಿದ ಏಳು ಬೇಲಿಗಳಲ್ಲಿ ಮುಂದೆ ಯಾರೂ ಇರಲಿಲ್ಲ. ಒಂಟಿ ಕುದುರೆ ಆಲಸಿಯಾಗುತ್ತದೆ, ಅದನ್ನೂ ಹಾರಿಸುತ್ತ ಬರಬೇಕು. ಹಿಂದೆ 17 ಮಂದಿ ಮತ್ತೆ ಕುದುರೆ ಏರಿ ಬೆನ್ನಟ್ಟಿದರು. ಗೆಲ್ಲುತ್ತದೆಂದು ಹೆಚ್ಚು ಜನ ಬಾಜಿ ಕಟ್ಟಿದ್ದ ಕುದುರೆ ಹನಿ ಎಂಡ್‌ಗೆ ಸಿಕ್ಕಿದ್ದು ಎರಡನೆಯ ಸ್ಥಾನ, 15 ಲೆಂಗ್ತ್, ಅಂದರೆ 15 ಕುದುರೆಯುದ್ದ ಹಿಂದೆ.

ಅದೃಷ್ಟ ಇರಲಿಲ್ಲವೇ? ಇತ್ತು. ಹಿಂದಿದ್ದುದರಿಂದಲೇ ನೋಡಲು ಸಮಯ ಸಿಕ್ಕಿತು. ಆದರೆ ಹಿಂದಿದ್ದ ಎಲ್ಲರಿಗೂ ಅದೇ ಸಮಯ ಸಿಕ್ಕಿತ್ತಲ್ಲ!

1971ರಲ್ಲಿ ಸವಾರಿ ಬಿಟ್ಟ ಬಕಿಂಗ್‌ಹ್ಯಾಮ್ ಸುಮಾರು 30 ವರ್ಷ ಜಾಕಿಗಳ ವ್ಯಾಲೆಟ್, ಅಂದರೆ ಅವರ ಉಡುಪು, ಜೀನು ಸಿದ್ಧಮಾಡಿ ಕೊಡುವ ಸಹಾಯಕ ಆಗಿದ್ದರು. ಬೂಟು ಉಜ್ಜುವ ಕೆಲಸ ಎಂದು ಮೂಗು ಮುರಿಯಬೇಡಿ. ಜಾಕಿಯ ಮೈತೂಕ, ಜೀನು, ಪಟ್ಟಿ ಎಲ್ಲ ಕೂಡಿಸಿ ನಿಗದಿಯ ತೂಕಕ್ಕೆ ಎಷ್ಟು ಕಡಿಮೆಯೋ ಅಷ್ಟು ಸೀಸದ ಪಟ್ಟಿಗಳನ್ನು ಜೀನಿನಡಿಯ ಬಟ್ಟೆಯ ಜೇಬುಗಳಿಗೆ ತುಂಬಬೇಕು. ಎರಡೂ ಬದಿ ಸಮನಾಗಿರಬೇಕು, ಇಲ್ಲದಿದ್ದರೆ ಜೀನು ವಾಲುತ್ತದೆ. ಓಟ ಮುಗಿದು ಮತ್ತೆ ತೂಗುವಾಗ ಸೀಸ ದಾರಿಯಲ್ಲಿ ಉದುರಿ ತೂಕ ಕಮ್ಮಿ ಬಂದರೆ ಗೆದ್ದ ಓಟವೇ ಹೋಗುತ್ತದೆ. ಅರ್ಧ ಗಂಟೆಗೊಂದು ಓಟ, ಹತ್ತಾರು ಜಾಕಿಗಳು. ಲೆಕ್ಕ ತಪ್ಪುವ ಹಾಗಿಲ್ಲ.

ನಮ್ಮ ಪತ್ರಿಕೆಗಳ ರೇಸ್ ಅಂಕಣದಲ್ಲಿ ಏನಿರುತ್ತದೆ ಹೇಳಿ? ಕುದುರೆ, ದರ, ನಾಳೆಯ ಟಿಪ್ಸ್. ಕಪ್ ಹಿಡಿದ ಮಾಲೀಕರ ಫೋಟೊ ಬೇರೆ. ತೂಕ ಇಳಿಸಲು ಊಟ ಬಿಟ್ಟು, ಹಬೆಯಲ್ಲಿ ಬೆವರುವವರ ಸುದ್ದಿ ಎಲ್ಲಿ? ಬ್ರಿಟನ್ನಿನ ರೇಸ್‌ಕೋರ್ಸುಗಳಲ್ಲಿ ಆ ಹಬೆಕೋಣೆಗಳು ಶಾಶ್ವತವಾಗಿ ಮುಚ್ಚಿದ್ದೇ 2021ರಲ್ಲಿ. ನಮ್ಮಲ್ಲಿ ಈ ಚರ್ಚೆ ಎತ್ತುವವರೇ ಇಲ್ಲ.

ನೀವು ಮೈಸೂರಿನವರು, ರೇಸ್‌ಕೋರ್ಸ್ ಕಣ್ಣೆದುರೇ ಇದೆ. ದೊಡ್ಡ ಕಪ್ ಗೆಲ್ಲದೆ ನಿವೃತ್ತರಾದ ಜಾಕಿಯೊಬ್ಬರನ್ನು ಮಾತಾಡಿಸಿ, ಬರೆದು ಕಳಿಸಿ. ಎರಡಲ್ಲ, ಮೂರು ಪುಟ ಕೊಡುತ್ತೇವೆ.