ಓದುಗರ ಪ್ರಶ್ನೆ, ವೈದ್ಯರ ಉತ್ತರ: ಬಾಲ್ಯದಲ್ಲಿ ಮೈ ಸೇರಿದ ಸೀಸ

ಪ್ರಶ್ನೆ: ನಮ್ಮ ಯಜಮಾನರು ಮನೆ ಹಿಂದಿನ ಶೆಡ್ಡಿನಲ್ಲಿ ಸೋಲಾರ್ ಬೇಲಿ, ಟ್ರ್ಯಾಕ್ಟರ್, ಯುಪಿಎಸ್‌ಗಳ ಬ್ಯಾಟರಿ ಬಿಚ್ಚಿ ರಿಪೇರಿ ಮಾಡುತ್ತಿದ್ದರು. ಮಗನಿಗೆ ನಾಲ್ಕು ವರ್ಷವಿದ್ದಾಗ ರಕ್ತದಲ್ಲಿ ಸೀಸ 18 ಬಂತು, ಆ ಕೆಲಸ ನಿಲ್ಲಿಸಿದರು. ಈಗ ಅವನಿಗೆ 14. ಮೊನ್ನೆ ಪರೀಕ್ಷೆಯಲ್ಲಿ 4 ಬಂದಿದೆ. ಓದಿನಲ್ಲಿ ಗಮನ ನಿಲ್ಲುವುದಿಲ್ಲ. ಸೀಸ ಪೂರ್ತಿ ಹೋಯಿತೇ? ಹೋಗಿಲ್ಲದಿದ್ದರೆ ಔಷಧಿ ಇದೆಯೇ?
— ಗೃಹಿಣಿ, ಸಕಲೇಶಪುರ ತಾಲ್ಲೂಕು

ಉತ್ತರ: ಪೂರ್ತಿ ಹೋಗಿಲ್ಲ. ರಕ್ತದ ಪರೀಕ್ಷೆ ಹೇಳುವುದು ಹೆಚ್ಚಾಗಿ ಈಚಿನ ಒಂದೆರಡು ತಿಂಗಳ ಲೆಕ್ಕ. ಹೊಸದಾಗಿ ಸೇರದಿದ್ದರೆ ರಕ್ತದಲ್ಲಿನ ಸೀಸ ಸುಮಾರು ತಿಂಗಳಲ್ಲಿ ಅರ್ಧಕ್ಕಿಳಿಯುತ್ತದೆ. ಆದರೆ ದೇಹ ಅದನ್ನು ಕ್ಯಾಲ್ಷಿಯಂ ಎಂದೇ ತಿಳಿದು ಮೂಳೆಯಲ್ಲಿ ಕೂಡಿಡುತ್ತದೆ. ಮಕ್ಕಳಲ್ಲಿ ಒಟ್ಟು ಸೀಸದ ಶೇ. 70ರಷ್ಟು, ದೊಡ್ಡವರಲ್ಲಿ ಶೇ. 90ಕ್ಕೂ ಹೆಚ್ಚು ಇರುವುದು ಮೂಳೆಯಲ್ಲೇ. ಅಲ್ಲಿಂದ ಅದು ಹೊರಬೀಳಲು ಹತ್ತಾರು ವರ್ಷ ಬೇಕು. ಗರ್ಭಧಾರಣೆ, ಮುಟ್ಟು ನಿಲ್ಲುವ ಕಾಲ, ಥೈರಾಯ್ಡ್ ಹೆಚ್ಚಳ, ಮೂಳೆ ಮುರಿದು ತಿಂಗಳುಗಟ್ಟಲೆ ಮಲಗಿರುವುದು, ಇಂಥ ಸಮಯದಲ್ಲಿ ಮೂಳೆ ಕರಗಿ ಹಳೆಯ ಸೀಸ ಮತ್ತೆ ರಕ್ತಕ್ಕೆ ಬರುತ್ತದೆ.

4 ಎಂದರೆ ಪ್ರತಿ 100 ಮಿಲಿ ರಕ್ತದಲ್ಲಿ 4 ಮೈಕ್ರೋಗ್ರಾಂ. ಮೂಲ ಹುಡುಕಿ ತಡೆಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5ರಿಂದ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪುಟ್ಟ ಮಕ್ಕಳಿಗೆ 2021ರಲ್ಲಿ ಇಟ್ಟ ಗುರುತು 3.5. ಇಷ್ಟರವರೆಗೆ ಪರವಾಗಿಲ್ಲ ಎನ್ನುವ ಮಟ್ಟವೇ ಸೀಸಕ್ಕಿಲ್ಲ. ಹತ್ತು ವರ್ಷದ ಮೇಲೂ 4 ಇದೆ ಎಂದರೆ ಮೂಳೆಯಿಂದ ಬರುತ್ತಿರಬಹುದು. ಶೆಡ್ಡಿನ ದೂಳು ಈಗಲೂ ಒಳಗೆ ಬರುತ್ತಿದೆಯೇ ಎಂಬುದನ್ನೂ ನೋಡಲೇಬೇಕು.

ಔಷಧಿಯ ವಿಷಯ. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಸಕ್ಸಿಮರ್‌ನಂಥ ಔಷಧಿಗಳು ರಕ್ತದ ಸೀಸ 45 ಮತ್ತು ಅದಕ್ಕಿಂತ ಹೆಚ್ಚಿದ್ದವರಿಗೆ. ಅಮೆರಿಕದಲ್ಲಿ ರಕ್ತದ ಸೀಸ 20ರಿಂದ 44ರ ನಡುವೆ ಇದ್ದ 780 ಪುಟ್ಟ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿದರು. ರಕ್ತದ ಅಂಕಿ ಇಳಿಯಿತು, ಬುದ್ಧಿಶಕ್ತಿಯಲ್ಲಿ ಮಾತ್ರ ಸುಧಾರಣೆ ಕಾಣಲಿಲ್ಲ. 2001ರಲ್ಲಿ ಬಂದ ಆ ಫಲಿತಾಂಶದ ಮೇಲೆ ಕಡಿಮೆ ಅಂಕಿಯವರಿಗೆ ಅದನ್ನು ಕೊಡುವುದಿಲ್ಲ. ‘ದೇಹ ಶುದ್ಧಿ’ ಪುಡಿ, ಕಷಾಯಗಳಿಗೆ ದುಡ್ಡು ಸುರಿಯಬೇಡಿ. ಭಸ್ಮ ಸೇರಿದ ಔಷಧಿಯಂತೂ ಬೇಡವೇ ಬೇಡ, ನಾಗಭಸ್ಮದಲ್ಲಿರುವುದು ಸೀಸವೇ.

ಗಮನ ನಿಲ್ಲದಿರುವುದಕ್ಕೆ ಸೀಸ ಕಾರಣವಿರಬಹುದು, ಅದೊಂದೇ ಎಂದು ಯಾರೂ ಹೇಳಲಾರರು. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಮಕ್ಕಳನ್ನು ಇಂದಿಗೂ ಹಿಂಬಾಲಿಸುತ್ತಿದ್ದಾರೆ. 11ನೇ ವಯಸ್ಸಿನಲ್ಲಿ ಸೀಸ 5 ಮೈಕ್ರೋಗ್ರಾಂ ಹೆಚ್ಚಿದ್ದವರ ಐಕ್ಯೂ 38ನೇ ವಯಸ್ಸಿಗೆ ಸರಾಸರಿ 1.6 ಅಂಕ ಕಡಿಮೆಯಿತ್ತು. ಇದು ಗುಂಪಿನ ಸರಾಸರಿ, ನಿಮ್ಮ ಮಗನ ಹಣೆಬರಹವಲ್ಲ. ಕಣ್ಣು, ಕಿವಿ, ಹಿಮೋಗ್ಲೋಬಿನ್ ಮೊದಲು ನೋಡಿಸಿ. ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡದ ವೈದ್ಯರಿಗೆ ಹಳೆಯ ವರದಿ ತೋರಿಸಿ. ಕಲಿಕಾ ನ್ಯೂನತೆ ದೃಢಪಟ್ಟರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯವನ್ನು ಶಾಲೆಯ ಮೂಲಕ ಕೇಳಬಹುದು. ಅದಕ್ಕೆ ಕಾಗದಪತ್ರ ಬೇಕು, ಹತ್ತನೇ ಕ್ಲಾಸಿನ ತನಕ ಕಾಯಬೇಡಿ.

ಮುಂದಕ್ಕೆ ಎಚ್ಚರ ಬೇಕಾದದ್ದು ಬಿಪಿ ಮತ್ತು ಮೂತ್ರಪಿಂಡ. ವರ್ಷಕ್ಕೊಮ್ಮೆ ಬಿಪಿ ನೋಡಿಸಿ. ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ಎಷ್ಟು ದಿನಕ್ಕೊಮ್ಮೆ ಎಂದು ವೈದ್ಯರು ಹೇಳುತ್ತಾರೆ. ಬೀಡಿ, ಸಿಗರೇಟಿನ ಹತ್ತಿರ ಹೋಗದಂತೆ ಈಗಿನಿಂದಲೇ ಹೇಳಿ. ಮುಂದಿನ ಸಲ ಸೀಸದ ಪರೀಕ್ಷೆಗೆ ರಕ್ತನಾಳದಿಂದಲೇ ರಕ್ತ ತೆಗೆಸಿ. ಬೆರಳು ಚುಚ್ಚಿದರೆ ಚರ್ಮದ ದೂಳು ಸೇರಿ ಅಂಕಿ ಸುಳ್ಳೇ ಏರುತ್ತದೆ.

ಶೆಡ್ಡಿನಲ್ಲಿ ಪೊರಕೆ ಹಾಕಬೇಡಿ, ದೂಳು ಎದ್ದು ಮನೆಯೊಳಗೆ ಬರುತ್ತದೆ. ನೀರು ಚಿಮುಕಿಸಿ, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬೇರೆ ಬಕೆಟ್ಟಿನ ನೀರಿನಲ್ಲಿ ಇನ್ನೊಮ್ಮೆ ಒರೆಸಿ. ಆ ಬಟ್ಟೆ ಮನೆಗೆ ತರುವಂತಿಲ್ಲ. ಆಸಿಡ್ ಚೆಲ್ಲಿದ ಅಂಗಳದ ಮೇಲೆ ಕಾಂಕ್ರೀಟ್ ಹಾಕಿಸಿ. ಆಗದಿದ್ದರೆ ಬೇರೆ ಕಡೆಯ ಮಣ್ಣು ಅರ್ಧ ಅಡಿ ಹರಡಿ ಹುಲ್ಲು ಬೆಳೆಸಿ. ಅಲ್ಲಿ ಸೊಪ್ಪು, ಮೂಲಂಗಿ, ಗೆಣಸು ಬೇಡ. ಕೋಳಿಯನ್ನೂ ಮೇಯಲು ಬಿಡಬೇಡಿ, ಸೀಸ ಮೊಟ್ಟೆಗೆ ಇಳಿಯುತ್ತದೆ.

ಕಬ್ಬಿಣಾಂಶ, ಕ್ಯಾಲ್ಷಿಯಂ ಕಡಿಮೆಯಿದ್ದಾಗ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಷಿಯಂ ಇದೆ. ಮುದ್ದೆ, ಹುರುಳಿಕಾಳು, ಸೊಪ್ಪಿನ ಸಾರು ಚೆನ್ನಾಗಿ ತಿನ್ನಲಿ. ಊಟದ ಬೆನ್ನಿಗೇ ಕಾಫಿ ಮಾತ್ರ ಬೇಡ (ಕಾಫಿ ಸೀಮೆಯವರಿಗೆ ಇದನ್ನು ಹೇಳುವುದು ಕಷ್ಟ), ಅದು ಕಬ್ಬಿಣಾಂಶ ಹೀರುವುದನ್ನು ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಲಿ.

ಪ್ರಶ್ನೆ: ಮಗಳು ಏಳನೇ ತಿಂಗಳಿಗೆ ಹೆರಿಗೆಗೆ ಬರುತ್ತಾಳೆ. ಅಷ್ಟರಲ್ಲಿ ತೊಟ್ಟಿ ಮನೆಯ ಹಳೆ ಬಣ್ಣ ಉಜ್ಜಿ ತೆಗೆಸಬೇಕೆಂದಿದ್ದೇವೆ. ಸೀಸ ಇರುತ್ತದೆಯೇ?
— ಓದುಗರು, ಬೇಲೂರು

ಉತ್ತರ: ಇದೆ ಎಂದುಕೊಂಡೇ ಕೆಲಸ ಮಾಡಿಸಿ. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮಲ್, ಅದರಲ್ಲೂ ಹಳದಿ, ಹಸಿರು, ಕೆಂಪು ಬಳಿದ ಕಿಟಕಿ ಸರಳು, ಬಾಗಿಲುಗಳ ಮೇಲೆ ಅನುಮಾನ ಇರಲಿ.

ಏಳದೆ ಗಟ್ಟಿಯಾಗಿ ಕೂತಿರುವ ಬಣ್ಣವನ್ನು ಉಜ್ಜಲೇ ಬೇಡಿ, ಮೇಲೆ ಹೊಸದು ಬಳಿಸಿ. ಚಕ್ಕೆ ಏಳುತ್ತಿರುವಲ್ಲಿ ವಾಟರ್ ಪೇಪರ್‌ನಿಂದ ನೀರು ಹಾಕಿಕೊಂಡೇ ಉಜ್ಜಬೇಕು. ಗ್ರೈಂಡರ್, ಬ್ಲೋ ಲ್ಯಾಂಪ್ ಎರಡೂ ಬೇಡ: ಒಂದು ದೂಳೆಬ್ಬಿಸುತ್ತದೆ, ಇನ್ನೊಂದು ಸೀಸದ ಹೊಗೆ ಎಬ್ಬಿಸುತ್ತದೆ. ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಕೆಲಸದವರಿಗೆ ಎನ್95 ಮಾಸ್ಕ್ ಕೊಡಿ. ಮಗಳು ಬರುವುದು ಒರೆಸುವ ಕೆಲಸವೆಲ್ಲ ಮುಗಿದ ಮೇಲೆ.

ನಮ್ಮ ಕಡೆ ನಡೆಯುವ ದೊಡ್ಡ ತಪ್ಪೊಂದಿದೆ. ಕಿತ್ತ ಕಿಟಕಿ ಚೌಕಟ್ಟು ಬಚ್ಚಲ ಒಲೆಗೆ ಹೋಗುತ್ತದೆ, ಆ ಬೂದಿಯಲ್ಲಿ ಪಾತ್ರೆ ತಿಕ್ಕುತ್ತಾರೆ, ಉಳಿದದ್ದು ಸೊಪ್ಪಿನ ಮಡಿಗೆ ಬೀಳುತ್ತದೆ. ಸುಟ್ಟರೆ ಸೀಸ ಸಾಯುವುದಿಲ್ಲ, ಬೂದಿಯಲ್ಲೇ ಕೂರುತ್ತದೆ. ಬಣ್ಣ ಬಳಿದ ಮರ ಒಲೆಗೆ ಬೇಡ.

ಮಗಳಿಗೆ ಆಶಾ ಕಾರ್ಯಕರ್ತೆ ಕೊಡುವ ಕ್ಯಾಲ್ಷಿಯಂ, ಕಬ್ಬಿಣದ ಮಾತ್ರೆಗಳನ್ನು ತಪ್ಪಿಸಬಾರದು. ಕ್ಯಾಲ್ಷಿಯಂ ಸಾಕಷ್ಟಿದ್ದರೆ ತಾಯಿಯ ಮೂಳೆ ಕರಗುವುದು ಕಡಿಮೆ, ಹೊಟ್ಟೆಯ ಕೂಸಿಗೆ ಹೋಗುವ ಸೀಸವೂ ಕಡಿಮೆ. ಎರಡೂ ಮಾತ್ರೆ ಒಟ್ಟಿಗೆ ನುಂಗಬಾರದು, ಕನಿಷ್ಠ ಎರಡು ಗಂಟೆ ಅಂತರವಿರಲಿ.

ಪ್ರಶ್ನೆ: ಹಿತ್ತಾಳೆ ಪಾತ್ರೆಯ ಕಲಾಯಿ, ಅರಿಸಿನ ಪುಡಿ, ಇವುಗಳಿಂದಲೂ ಸೀಸ ಬರುತ್ತದೆಯೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಬರಬಹುದು. ಕಲಾಯಿಗೆ ಶುದ್ಧ ತವರವೇ ಬೇಕು. ಅದಕ್ಕೆ ಸೀಸ ಬೆರೆಸಿದರೆ ಹುಣಸೆಹುಳಿ ಹಾಕಿದ ಸಾರಿನಲ್ಲಿ ಬಿಡುತ್ತದೆ. ತವರದ ತುಂಡನ್ನು ನೀವೇ ತಂದುಕೊಡಿ, ಇಲ್ಲವೇ ಹುಳಿ ಅಡುಗೆ ಸ್ಟೀಲಿನಲ್ಲಿ ಮಾಡಿ. ಅರಿಸಿನದಲ್ಲಿ ಕಲಬೆರಕೆಯಾಗುವುದು ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣ. ಕೊಂಬಿಗೆ ಪಾಲಿಶ್ ಕೊಡುವಾಗಲೂ ಅದನ್ನು ಸವರುತ್ತಾರೆ. ಆದ್ದರಿಂದ ಕೊಂಬು ಕೊಂಡರೆ ಸಾಲದು, ಪಾಲಿಶ್ ಮಾಡದ, ಮಂಕು ಬಣ್ಣದ ಕೊಂಬನ್ನೇ ಆರಿಸಿ ಮಿಲ್ಲಿನಲ್ಲಿ ಪುಡಿ ಮಾಡಿಸಿ.