ಆಸ್ಕರ್ ಮೀನಿಗೆ ಜೊತೆಗಾರರು ಬೇಕೇ?

ಪ್ರಶ್ನೆ: ನಮ್ಮ ಮನೆ ಉಡುಪಿ ಸಮೀಪದ ಪರ್ಕಳದಲ್ಲಿದೆ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿನಲ್ಲಿ ಎಂಟು ತಿಂಗಳ ಹಿಂದೆ ಎರಡು ಇಂಚಿನ ಆಸ್ಕರ್ ಮರಿಯೊಂದನ್ನು ಬಿಟ್ಟೆವು. ಅದರೊಡನೆ ಹತ್ತು ಟೆಟ್ರಾ, ಎರಡು ಏಂಜಲ್, ಒಂದು ಗೋಲ್ಡ್‌ಫಿಷ್ ಇದ್ದವು. ಎಲ್ಲವೂ ಹೊಂದಿಕೊಂಡು ಹೋಗುತ್ತವೆ ಎಂದು ಅಂಗಡಿಯವರು ಹೇಳಿದ್ದರು. ಈಗ ಆಸ್ಕರ್ ಎಂಟು ಇಂಚಾಗಿದೆ. ಟೆಟ್ರಾಗಳು ಒಂದೊಂದಾಗಿ ಕಾಣೆಯಾದವು, ಏಂಜಲ್‌ಗಳು ಸತ್ತವು, ಗೋಲ್ಡ್‌ಫಿಷ್ ಮೂಲೆ ಬಿಟ್ಟು ಕದಲುವುದಿಲ್ಲ. ಒಂಟಿಯಾದರೆ ಆಸ್ಕರ್‌ಗೆ ಬೇಸರವಾಗುತ್ತದೆ ಎನ್ನುವುದು ಮಗಳ ಚಿಂತೆ. ಪ್ಯಾರಟ್, ಸಿಲ್ವರ್ ಡಾಲರ್, ಸಕ್ಕರ್ ಇವುಗಳಲ್ಲಿ ಯಾವುದನ್ನು ಬಿಡಬಹುದು? ನಾವು ಬಳಸುವುದು ಬಾವಿ ನೀರು.

ಉತ್ತರ: ಗೋಲ್ಡ್‌ಫಿಷ್ಷನ್ನು ಇವತ್ತೇ ಬೇರೆ ಮಾಡಿ, ಉಳಿದದ್ದನ್ನು ಆಮೇಲೆ ನೋಡೋಣ. ಫಿಲ್ಟರಿನ ನೀರು ಬೀಳುವ ಮೂಲೆಯಲ್ಲಿ ಬಾಲದ ಅಂಚು ಹರಿದುಕೊಂಡು, ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ನಿಂತ ಮೀನು ಹೆಚ್ಚು ದಿನ ಬಾಳುವುದಿಲ್ಲ. ಗಾಳಿಕಲ್ಲು ಹಾಕಿದ ದೊಡ್ಡ ಬಕೆಟ್ಟಿನಲ್ಲಿಟ್ಟು, ಅರ್ಧದಷ್ಟು ನೀರನ್ನು ದಿನವೂ ಬದಲಾಯಿಸುತ್ತಿದ್ದರೆ, ಅದಕ್ಕೊಂದು ಮನೆ ಹುಡುಕುವವರೆಗೆ ಸಾಕು. ಆಸ್ಕರ್ ಅದನ್ನು ತಿಂದರೂ ತಿನ್ನಲಿ ಎಂದು ಬಿಡುವವರಿದ್ದಾರೆ; ಗೋಲ್ಡ್‌ಫಿಷ್ ಮೈಯಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವ ಇರುವುದರಿಂದ, ಅದನ್ನೇ ಆಹಾರವಾಗಿ ಕೊಡುತ್ತಾ ಬಂದರೆ ಆಸ್ಕರ್‌ಗೆ ಆ ಜೀವಸತ್ವದ ಕೊರತೆಯಾಗುತ್ತದೆ.

ನಿಮ್ಮ ಟ್ಯಾಂಕಿನಲ್ಲಿ ನಡೆದಿರುವುದು ಎರಡು ಬೇರೆ ಬೇರೆ ಸಂಗತಿಗಳು. ಟೆಟ್ರಾಗಳು ಕಾಣೆಯಾದದ್ದು ಆಸ್ಕರ್‌ನ ಹಸಿವಿನಿಂದ: ಬಾಯೊಳಗೆ ಹೋಗುವ ಮೀನೆಲ್ಲ ಅದಕ್ಕೆ ಆಹಾರ, ಅದರಲ್ಲಿ ಸಿಟ್ಟಿನ ಮಾತಿಲ್ಲ. ಏಂಜಲ್‌ಗಳು ಬಾಯಿಗೆ ಹಿಡಿಯುವಂಥವಲ್ಲ; ಅವು ಸತ್ತದ್ದು, ನೀರು ಕೆಟ್ಟು ಸಾಯದಿದ್ದರೆ, ಜಾಗದ ತಕರಾರಿನಲ್ಲಿ. ಜೊತೆಗೆ ಬಿಡುವ ಮೀನು ದೊಡ್ಡದಾಗಿದ್ದರೆ ಮೊದಲನೆಯ ಅಪಾಯ ತಪ್ಪುತ್ತದೆ, ಆದರೆ ಎರಡನೆಯದು ಹೆಚ್ಚುತ್ತದೆ, ಏಕೆಂದರೆ ತನ್ನಷ್ಟೇ ಗಾತ್ರದ, ತನ್ನದೇ ಆಕಾರದ ಮೀನನ್ನೇ ಆಸ್ಕರ್ ಎದುರಾಳಿಯೆಂದು ಎಣಿಸುವುದು. ಅಂಗಡಿಯಲ್ಲಿ ಎಲ್ಲವೂ ಎರಡೆರಡು ಇಂಚಿನ ಮರಿಗಳಾಗಿದ್ದಾಗ ಈ ಎರಡು ಅಪಾಯಗಳೂ ಕಣ್ಣಿಗೆ ಬೀಳುವುದಿಲ್ಲ. ನಿಮಗೆ ಸಿಕ್ಕ ಸಲಹೆ ಆ ದಿನದ ಮಟ್ಟಿಗೆ ಸುಳ್ಳಾಗಿರಲಿಕ್ಕಿಲ್ಲ, ಎಂಟು ತಿಂಗಳ ಮಟ್ಟಿಗೆ ಸುಳ್ಳಾಯಿತು.

ಅಮೆಜಾನ್ ಕಣಿವೆಯ ಈ ಮೀನು 30 ಸೆಂಟಿಮೀಟರ್, ಅಂದರೆ ಒಂದು ಅಡಿಯವರೆಗೆ ಬೆಳೆಯುತ್ತದೆ. ಪ್ರಾಯಕ್ಕೆ ಬರುವುದು ಸಾಮಾನ್ಯವಾಗಿ ಒಂದು ವರ್ಷ ದಾಟಿದ ಮೇಲೆ, ಜಾಗದ ಹಟ ನಿಜವಾಗಿ ಬಲಿಯುವುದೂ ಆಗಲೇ. ನಿಮ್ಮ ಮೀನಿಗೆ ಇನ್ನೂ ಆ ವಯಸ್ಸಾಗಿಲ್ಲ. ನಿಮ್ಮ ಟ್ಯಾಂಕಿನ ಲೆಕ್ಕ ಸುಮಾರು 255 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ 220ರ ಆಸುಪಾಸು ಉಳಿಯುತ್ತದೆ. ಒಂದೂವರೆ ಅಡಿ ಅಗಲದಲ್ಲಿ ಒಂದು ಅಡಿಯ ಮೀನು ತಿರುಗುವುದನ್ನು ಊಹಿಸಿಕೊಂಡರೆ, ಆ ನೀರು ಒಂದೇ ಆಸ್ಕರ್‌ಗೆ ಹೇಗೋ ಸಾಕಾಗುವಷ್ಟು ಎನ್ನುವುದು ತಿಳಿಯುತ್ತದೆ. ಹಾಗಾಗಿ ಈ ಟ್ಯಾಂಕಿಗೆ ನನ್ನ ಉತ್ತರ: ಯಾವ ಮೀನನ್ನೂ ಬಿಡಬೇಡಿ. ಮಗಳ ಚಿಂತೆಗೆ ಹೇಳುವುದಾದರೆ, ಒಂಟಿ ಆಸ್ಕರ್ ದಿನವೂ ಆಹಾರ ಹಾಕುವವರನ್ನು ಗುರುತಿಸಿ ಗಾಜಿನ ಬಳಿ ಬಂದು ಕಾಯುತ್ತದೆ, ಬೆಣಚುಕಲ್ಲುಗಳನ್ನು ಬಾಯಲ್ಲಿ ಕಚ್ಚಿ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತದೆ. ಅದಕ್ಕೆ ಕೆಲಸವಿಲ್ಲದ ದಿನವನ್ನು ನಾನಂತೂ ಕಂಡಿಲ್ಲ.

ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಟ್ಯಾಂಕಿಗೆ ಹೋಗುವ ಮನಸ್ಸಿದ್ದರೆ ಮಾತು ಬೇರೆ. ಅದರಲ್ಲಿ ನೀರೇ 680 ಕಿಲೋ ತೂಗುತ್ತದೆ, ಆದ್ದರಿಂದ ಮಹಡಿಯ ಮೇಲೆ ಇಡುವ ಮೊದಲು ಎಂಜಿನಿಯರ್ ಒಬ್ಬರನ್ನು ಕೇಳಿಕೊಳ್ಳಿ. ಅಂಥ ಟ್ಯಾಂಕಿಗೆ ನೀವು ಹೆಸರಿಸಿದ ಮೂರರಲ್ಲಿ ನನ್ನ ಆಯ್ಕೆ ಸಿಲ್ವರ್ ಡಾಲರ್. ಅದೂ ದಕ್ಷಿಣ ಅಮೆರಿಕದ್ದೇ, ಆದ್ದರಿಂದ ನೀರಿನ ಬೇಡಿಕೆ ಒಂದೇ. ತಟ್ಟೆಯಂತೆ ಅಗಲವಾದ ಮೈ ಬಾಯಿಗೆ ಹಿಡಿಯುವುದಿಲ್ಲ, ಓಟ ಚುರುಕು, ಆಸ್ಕರ್ ತೋಡಿಕೊಳ್ಳುವ ನೆಲದ ಹೊಂಡಗಳ ಮೇಲೆ ಅದು ಹಕ್ಕು ಸಾಧಿಸುವುದಿಲ್ಲ. ಇದಕ್ಕಿಂತ ದೊಡ್ಡ ಉಪಯೋಗವೊಂದಿದೆ. ನಡುನೀರಿನಲ್ಲಿ ಗುಂಪೊಂದು ನಿರ್ಭಯವಾಗಿ ಓಡಾಡುತ್ತಿದ್ದರೆ, ಹತ್ತಿರದಲ್ಲಿ ಅಪಾಯವಿಲ್ಲ ಎಂದು ಆಸ್ಕರ್‌ನಂಥ ಸಿಕ್ಲಿಡ್ ಕುಟುಂಬದ ಮೀನುಗಳು ತಿಳಿದುಕೊಳ್ಳುತ್ತವೆ. ಅವುಗಳ ಬಿಗುಪು ಸಡಿಲವಾಗುತ್ತದೆ. ಐದಾರು ಇದ್ದರೆ ಮಾತ್ರ ಈ ಪ್ರಯೋಜನ, ಏಕೆಂದರೆ ಒಂದೋ ಎರಡೋ ಬಿಟ್ಟರೆ ಏಟೆಲ್ಲ ಅವಕ್ಕೇ ಬೀಳುತ್ತದೆ. ಅಂಗಡಿಯಲ್ಲಿ ಸಿಗುವ ಎರಡಿಂಚಿನ ಮರಿಗಳನ್ನು ಬೇರೆ ಕಡೆ ಸಾಕಿ, ನಾಲ್ಕು ಇಂಚಾದ ಮೇಲೆ ಬಿಡಬೇಕು.

ಪ್ಯಾರಟ್ ಮಿಶ್ರತಳಿ; ಅದರ ಬಾಯಿ ಸರಿಯಾಗಿ ಮುಚ್ಚುವುದೂ ಇಲ್ಲ. ಆಸ್ಕರ್ ದವಡೆ ಕಚ್ಚಿ ಸೆಣಸಲು ಬಂದರೆ ತಿರುಗಿ ಕಚ್ಚಲು ಅದಕ್ಕಾಗದು, ಬಿಟ್ಟುಕೊಡುವ ಗುಣವೂ ಇಲ್ಲ. ಸಕ್ಕರ್ ಗಟ್ಟಿ ಮೈಯ ಮೀನು, ಏಟು ತಡೆದುಕೊಳ್ಳುತ್ತದೆ. ಆದರೆ ಅದೂ ಒಂದು ಅಡಿ ದಾಟಿ ಬೆಳೆಯುತ್ತದೆ, ಪಾಚಿ ತಿನ್ನುವುದಕ್ಕಿಂತ ಹೆಚ್ಚಾಗಿ ಹೊಲಸು ಮಾಡುತ್ತದೆ. ಬೇಡವಾದಾಗ ಅದನ್ನು ಕೆರೆಗೋ ಹೊಳೆಗೋ ಬಿಡುವ ಅಭ್ಯಾಸ ನಮ್ಮಲ್ಲಿದೆ, ದೇಶದ ಹಲವೆಡೆ ಸಕ್ಕರ್ ಹೀಗೆಯೇ ಹೊರಗೆ ಬೇರೂರಿದೆ. ನಮ್ಮ ಸ್ವರ್ಣಾ ನದಿಗೆ ಆ ಗತಿ ಬಾರದಿರಲಿ. ಟ್ಯಾಂಕಿನ ತಳ ಗುಡಿಸಲಿ ಎಂದು ಪುಟ್ಟ ಕ್ಯಾಟ್‌ಫಿಷ್‌ಗಳನ್ನಂತೂ ಬಿಡಲೇಬೇಡಿ. ಅವುಗಳ ರೆಕ್ಕೆಯ ಮುಳ್ಳು ನೆಟ್ಟಗೆ ನಿಂತು ಆಸ್ಕರ್ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೂ ಸಾಯುತ್ತವೆ.

ಬಿಡುವ ಕ್ರಮದಲ್ಲಿ ನಾನೇ ತಪ್ಪಿದ್ದೇನೆ. ಮೊದಲ ಸಲ ಎರಡು ಸಿಲ್ವರ್ ಡಾಲರ್‌ಗಳನ್ನು ಮಧ್ಯಾಹ್ನದ ಬೆಳಕಿನಲ್ಲಿ ನೇರವಾಗಿ ಬಿಟ್ಟೆ. ಆಸ್ಕರ್ ಕಿವಿರಿನ ಮುಚ್ಚಳಗಳನ್ನು ಅರಳಿಸಿ, ಬಾಯಿ ತೆರೆದು, ಮೈಬಣ್ಣವನ್ನು ಕಪ್ಪಾಗಿಸಿಕೊಂಡು ಬಂತು. ಅರ್ಧ ಗಂಟೆಯಲ್ಲಿ ಎರಡನ್ನೂ ಹೊರಗೆ ತೆಗೆಯಬೇಕಾಯಿತು. ಎರಡನೆಯ ಸಲ ಟ್ಯಾಂಕಿಗೆ ಅಡ್ಡಲಾಗಿ ಚೌಕುಳಿ ಪ್ಲಾಸ್ಟಿಕ್ ಜಾಲರಿ ನಿಲ್ಲಿಸಿ, ಆಚೆ ಐದು ಮೀನು, ಈಚೆ ಆಸ್ಕರ್, ಎರಡೂ ಕಡೆ ಒಂದೇ ಹೊತ್ತಿಗೆ ಆಹಾರ ಎಂದು ಮೂರು ವಾರ ಕಳೆದೆ. ಆಮೇಲೆ ಒಂದು ರಾತ್ರಿ ಆಸ್ಕರ್‌ಗೆ ಹೊಟ್ಟೆ ತುಂಬ ಕೊಟ್ಟು, ದೀಪ ಆರಿಸಿ, ಕಲ್ಲು ಕೊರಡುಗಳ ಜಾಗವನ್ನೆಲ್ಲ ಅದಲುಬದಲು ಮಾಡಿ ಜಾಲರಿ ತೆಗೆದೆ. ಬೆಳಿಗ್ಗೆ ಆಸ್ಕರ್ ತನ್ನ ಹಳೆಯ ಹೊಂಡವನ್ನು ಹುಡುಕುವುದರಲ್ಲೇ ಮುಳುಗಿತ್ತು. ಹಕ್ಕು ಹೇಳಲು ಗುರುತಿನ ಜಾಗವೇ ಇಲ್ಲದ ಆ ಒಂದೆರಡು ದಿನಗಳಲ್ಲಿ ಹೊಸಬರು ಟ್ಯಾಂಕಿನವರೇ ಆಗಿಬಿಟ್ಟರು. ಆದರೂ ಜಾಲರಿಯನ್ನು ಎಸೆಯಬೇಡಿ. ಆಸ್ಕರ್ ಸ್ವಭಾವ ಒಂದೊಂದಕ್ಕೂ ಬೇರೆ. ಕೆಲವು ಯಾರನ್ನೂ ಸೇರಿಸಿಕೊಳ್ಳುವುದೇ ಇಲ್ಲ.

ಬಾವಿ ನೀರಿನ ವಿಷಯವನ್ನು ನೀವು ಕೊನೆಗೆ ಬರೆದಿದ್ದೀರಿ, ನಾನು ಮೊದಲೇ ಕೇಳುತ್ತಿದ್ದೆ. ನಮ್ಮ ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಆಮ್ಲೀಯ. ಆಸ್ಕರ್‌ಗೆ ಅದು ಒಗ್ಗುತ್ತದೆ, ಆದರೆ ಆಮ್ಲವನ್ನು ತಡೆದು ನಿಲ್ಲಿಸುವ ಶಕ್ತಿ ಆ ನೀರಿಗೆ ಕಡಿಮೆ. ಮೀನು ಹೆಚ್ಚಿದಂತೆ ಹೊಲಸು ಹೆಚ್ಚಿ ಪಿಎಚ್ (ಆಮ್ಲೀಯತೆಯ ಅಳತೆ, ಇಳಿದಷ್ಟೂ ಆಮ್ಲ ಹೆಚ್ಚು) 6ಕ್ಕಿಂತ ಕೆಳಗಿಳಿದರೆ, ಆ ಹೊಲಸಿನ ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಗಳ ಕೆಲಸ ತೀರಾ ನಿಧಾನವಾಗುತ್ತದೆ. ಆಮ್ಲೀಯ ನೀರಿನಲ್ಲಿ ಆ ಅಮೋನಿಯ ಅಷ್ಟು ವಿಷವಲ್ಲದ ರೂಪದಲ್ಲಿ ಸುಮ್ಮನೆ ಕೂಡುತ್ತಾ ಹೋಗುತ್ತದೆ. ಏಪ್ರಿಲ್–ಮೇಯಲ್ಲಿ ಬಾವಿ ಬತ್ತಿತೆಂದು ಬಜೆ ಅಣೆಕಟ್ಟಿನಿಂದ ಬರುವ ನಲ್ಲಿ ನೀರನ್ನು ಒಮ್ಮೆಲೇ ಅರ್ಧ ಟ್ಯಾಂಕು ತುಂಬಿಸಿ, ಆ ನೀರಿನ ಪಿಎಚ್ ಮೇಲಿದ್ದರೆ, ಅದೇ ಅಮೋನಿಯ ವಿಷವಾಗಿ ತಿರುಗುತ್ತದೆ; ನಲ್ಲಿ ನೀರಿನ ಕ್ಲೋರಿನ್ ಬೇರೆ. ಮರುದಿನ ಸತ್ತ ಮೀನನ್ನು ಕಂಡವರು ಆಸ್ಕರ್ ಹೊಡೆದು ಕೊಂದಿತು ಎಂದುಕೊಳ್ಳುತ್ತಾರೆ. ನಿಮ್ಮ ಏಂಜಲ್‌ಗಳ ಮೈಮೇಲೆ ಗಾಯವಿತ್ತೇ ಎಂಬುದನ್ನು ನೆನಪಿಸಿಕೊಳ್ಳಿ. ಮರ್ವಾಯಿ (ಕಪ್ಪೆಚಿಪ್ಪು) ಚಿಪ್ಪುಗಳನ್ನು ಕುದಿಸಿ, ಉಜ್ಜಿ ತೊಳೆದು, ಒಂದು ಹಿಡಿಯಷ್ಟನ್ನು ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗಿಟ್ಟರೆ ಪಿಎಚ್ ಇಳಿಯುವುದು ತಗ್ಗುತ್ತದೆ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ಪಿಎಚ್ ಮತ್ತು ಅಮೋನಿಯದ ಪರೀಕ್ಷೆಯ ಕಿಟ್ ಒಂದನ್ನು ಮನೆಯಲ್ಲಿಡಿ.

ಪ್ರಶ್ನೆ: ಮಂಗಳೂರಿನ ಕುಲಶೇಖರದಲ್ಲಿ ನಮ್ಮ ಮೂರು ಅಡಿಯ ಟ್ಯಾಂಕಿದೆ. ಹೊರದೇಶದ ಮೀನುಗಳ ಬದಲು ಆರೆಂಜ್ ಕ್ರೋಮೈಡ್ ಸಾಕುವ ಆಸೆ. ಅವೂ ಜಗಳಗಂಟಿ ಮೀನುಗಳೇ ಎಂದು ಕೇಳಿದ್ದೇನೆ. ಜೊತೆಗೆ ಯಾವುದನ್ನು ಬಿಡಲಿ?

ಉತ್ತರ: ಒಳ್ಳೆಯ ಆಸೆ. ಭಾರತದ ಸ್ವಂತ ಸಿಕ್ಲಿಡ್‌ಗಳು ಮೂರೇ: ಕೇರಳದವರ ಕರಿಮೀನು, ಈ ಆರೆಂಜ್ ಕ್ರೋಮೈಡ್, ಮತ್ತು 1877ರಲ್ಲಿ ಮೀನುಗಳ ತಜ್ಞ ಫ್ರಾನ್ಸಿಸ್ ಡೇ ವಿವರಿಸಿದ ಕೆನರಾ ಪರ್ಲ್‌ಸ್ಪಾಟ್. ಕೊನೆಯದರ ಹೆಸರಿನಲ್ಲಿ ನಮ್ಮ ಜಿಲ್ಲೆಯೇ ಇದೆ, ಅದು ನೇತ್ರಾವತಿ–ಕುಮಾರಧಾರಾ ಕಡೆಯ ಮೀನು. ಅದರ ಹರಹು ತೀರಾ ಸಣ್ಣದು, ಆದ್ದರಿಂದ ಟ್ಯಾಂಕಿಗೆಂದು ಹೊಳೆಯಿಂದ ಹಿಡಿಯಬೇಡಿ.

ಆರೆಂಜ್ ಕ್ರೋಮೈಡ್ ಮೂರು ಇಂಚಿನಷ್ಟು ಬೆಳೆಯುತ್ತದೆ. ಆರು ಮರಿಗಳನ್ನು ಒಟ್ಟಿಗೇ ಬಿಟ್ಟರೆ ಜಗಳ ಹಂಚಿಹೋಗುತ್ತದೆ, ಜೋಡಿ ತಾನಾಗಿ ಕೂಡುತ್ತದೆ. ಜೊತೆಗೆ ಮೇಲ್ನೀರಿನಲ್ಲಿ ಓಡುವ ಮಲಬಾರ್ ಡ್ಯಾನಿಯೊ ಏಳೆಂಟು ಸಾಕು. ಉದ್ದ ರೆಕ್ಕೆಯ ಫಿಲಮೆಂಟ್ ಬಾರ್ಬ್ ಚೆಂದದ ಮೀನಾದರೂ ಮೂರು ಅಡಿಗೆ ದೊಡ್ಡದಾಯಿತು. ರಾತ್ರಿ ಮೊಟ್ಟೆ ಕದಿಯುವ ಕ್ಯಾಟ್‌ಫಿಷ್‌ಗಳು ಬೇಡ. ಆರೆಂಜ್ ಕ್ರೋಮೈಡ್ ಅಳಿವೆಯ ಸವಳು ನೀರಿನಲ್ಲೂ ಬದುಕುವಂಥದ್ದು, ಮೇಲೆ ಹೇಳಿದ ಮರ್ವಾಯಿ ಚಿಪ್ಪು ಇದಕ್ಕೆ ಇನ್ನೂ ಹೆಚ್ಚು ಬೇಕು. ಟ್ಯಾಂಕಿನ ಒಂದು ತುದಿಯಲ್ಲಿ ಮಾತ್ರ ಚಪ್ಪಟೆ ಕಲ್ಲನ್ನೋ ತೆಂಗಿನ ಗೆರಟೆಯನ್ನೋ ಇಟ್ಟರೆ, ಜೋಡಿ ಮೊಟ್ಟೆಗೆಂದು ಅಲ್ಲಿಯೇ ಜಾಗ ಹಿಡಿಯುತ್ತದೆ, ಉಳಿದ ಮೀನುಗಳಿಗೆ ಇನ್ನೊಂದು ತುದಿ ಸಿಗುತ್ತದೆ. ಮರಿಗಳು ತಂದೆತಾಯಿಯ ಮೈಯ ಲೋಳೆಯನ್ನು ಕಿತ್ತು ತಿನ್ನತೊಡಗಿದ ದಿನಗಳಲ್ಲಿ ಆ ಜೋಡಿಗೆ ಟ್ಯಾಂಕಿನ ಮುಕ್ಕಾಲು ಭಾಗವೂ ಸಾಲದಾಗುತ್ತದೆ. ಡ್ಯಾನಿಯೊಗಳನ್ನು ಆಗ ಎರಡು ವಾರದ ಮಟ್ಟಿಗೆ ಬೇರೆಡೆಗೆ ಸಾಗಿಸಲು ಒಂದು ಚಿಕ್ಕ ಟ್ಯಾಂಕನ್ನು ಈಗಲೇ ಸಿದ್ಧವಾಗಿಟ್ಟುಕೊಳ್ಳಿ.